ಒಂದೇ ಅಂಚಿಗೆ ಅಂಟು

ಬೆಳಗಿನ ಆರು ಗಂಟೆ. ನ್ಯಾಯಾಲಯದ ಗ್ರಂಥಾಲಯದ ಪಕ್ಕದ ಚಹಾ ಕೋಣೆಯಲ್ಲಿ, ಎಲ್ಲರೂ ಅಂಟಕ್ಕ ಎಂದೇ ಕರೆಯುವ ಗ್ರಂಥಾಲಯದ ಸಹಾಯಕಿ ಮೈದಾ ಹಿಟ್ಟು ಕದಡಿದ ನೀರನ್ನು ಒಲೆಯ ಮೇಲಿಟ್ಟು ತಿರುವುತ್ತಿದ್ದಾರೆ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಕೈ ನಿಲ್ಲಿಸಿದರೆ ಅಂಟು ಗಂಟು ಕಟ್ಟುತ್ತದೆ, ಹಾಗಾಗಿ ಮಾತಿಗೂ ತಲೆ ಎತ್ತುವುದಿಲ್ಲ. ಹತ್ತು ಗಂಟೆಗೆ ವಕೀಲರು ಬರುವುದರೊಳಗೆ ಅಂಟಿಸಿದ್ದು ಒಣಗಬೇಕು, ಅದಕ್ಕೇ ಇಷ್ಟು ಬೇಗ ಬರುವುದು.

ಒಳಗೆ, ಗೋಡೆಯ ಕಪಾಟಿನಲ್ಲಿ, ಇಂಗ್ಲಿಷ್ ಕಾನೂನು ಪದಗಳಿಗೆ ಅರ್ಥ ಹೇಳುವ ಹಳೆಯ ಕೋಶವಿದೆ. ಹನ್ನೊಂದು ಸಂಪುಟ, ಒಂದೊಂದೂ ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಕಾಯಿದೆ ಬದಲಾಗಿ ಪದವೊಂದರ ಅರ್ಥ ಬದಲಾದರೆ ಇಡೀ ಸಂಪುಟ ಮತ್ತೆ ಅಚ್ಚಾಗುವುದಿಲ್ಲ. ಹೊಸ ಅರ್ಥದ ಚೀಟಿ ಬರುತ್ತದೆ, ಅದನ್ನು ಹಳೆಯ ಅರ್ಥದ ಮೇಲೆ ಅಂಟಿಸಬೇಕು. ಮೂವತ್ತೊಂದು ವರ್ಷಗಳಲ್ಲಿ ಅಂಟಕ್ಕ ಎಂಟು ಸಾವಿರಕ್ಕೂ ಹೆಚ್ಚು ಚೀಟಿ ಅಂಟಿಸಿದ್ದಾರೆ. ಈಗ ತಿಂಗಳಿಗೆ ಎರಡು ಬಂದರೆ ಹೆಚ್ಚು.

ಅವರು ಕೆಲಸಕ್ಕೆ ಸೇರಿದ್ದು ಕಸ ಗುಡಿಸಲು. ಗಂಡ ತೀರಿಕೊಂಡಿದ್ದರು, ಮಗಳಿಗೆ ಎರಡು ವರ್ಷ. ಆಗಿನ ಬೈಂಡರ್ ತಾತ ಈ ಕೆಲಸ ಕಲಿಸಿದರು. “ಇಂಗ್ಲಿಷ್ ಅಂದ್ರೆ ನಂಗೆ ಹುಲಿ ಕಂಡ ಹಾಗೆ. ತಾತ ಹೇಳಿದ್ರು, ಅರ್ಥ ಗೊತ್ತಿಲ್ದೆ ಅಂಟಿಸಿದ್ರೆ ತಲೆಕೆಳಗೆ ಅಂಟಿಸ್ತೀಯ ಮಗಾ, ದಿನಕ್ಕೊಂದು ಪದ ಓದು ಅಂತ. ಓದ್ದೆ,” ಎನ್ನುತ್ತಾರೆ. ಈಗ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳದು ಬೇರೆಯೇ ದೂರು: “ಅಮ್ಮನ ಜೊತೆ ನೆಟ್ಟಗೆ ಜಗಳ ಆಡೋಕೂ ಆಗಲ್ಲ. ಪ್ರತಿ ಮಾತಿಗೂ ಹಾಗಂದ್ರೇನು ಅಂತ ಕೇಳ್ತಾಳೆ.”

ಗ್ರಂಥಾಲಯ ತುಂಬಿ ತುಳುಕುತ್ತಿದ್ದ ದಿನಗಳ ಮಾತು ಬಂದರೆ ಅಂಟಕ್ಕನ ಮುಖ ಅರಳುತ್ತದೆ. ಕುರ್ಚಿ ಸಿಗದೆ ಹಿರಿಯ ವಕೀಲರು ಕಿಟಕಿ ಕಟ್ಟೆಯ ಮೇಲೆ ಕೂತು ಓದುತ್ತಿದ್ದರಂತೆ. ಒಂದೇ ಸಂಪುಟಕ್ಕೆ ವಾದಿಯ ವಕೀಲರೂ ಪ್ರತಿವಾದಿಯ ವಕೀಲರೂ ಕೈಹಾಕಿ, ಕೊನೆಗೆ ಒಂದೇ ಮೇಜಿಗೆ ಕೂತು ಚಹಾ ಹಂಚಿಕೊಂಡದ್ದೂ ಉಂಟು. ಈಗ ಆ ಮೇಜಿನ ಮೇಲೆ ಕೆಟ್ಟುಹೋದ ಪ್ರಿಂಟರ್ ಕೂತಿದೆ.

ಚೀಟಿ ಅಂಟಿಸುವಾಗ ಅವರು ಎಡ ಅಂಚಿಗೆ ಮಾತ್ರ, ಅರ್ಧ ಬೆರಳಗಲ ಅಂಟು ಸವರುತ್ತಾರೆ. ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ‘ಮೆಸ್ವೇಜ್’ ಎಂಬ ಪದಕ್ಕೆ ಚೀಟಿ ಬಂತು: ವಾಸದ ಮನೆ, ಅಷ್ಟೇ. ಅಡಿಯ ಹಳೆಯ ಅರ್ಥದಲ್ಲಿ ಮನೆಯ ಜೊತೆಗೆ ಹಿತ್ತಲು, ಕೊಟ್ಟಿಗೆ, ಕೈತೋಟವೂ ಸೇರಿದ್ದವು. ಅಂಟಕ್ಕ ಅಚ್ಚುಕಟ್ಟಾಗಿರಲೆಂದು ಚೀಟಿಯ ತುಂಬ ಅಂಟು ಬಳಿದು ಒತ್ತಿದರು. ಮರುವರ್ಷ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ಅಜ್ಜಿಯ ಕಾಲದ ಮನೆಪತ್ರ ಹಿಡಿದು ಬಂದಳು. ಅದರಲ್ಲಿ ಅದೇ ಪದ. ಅವಳ ಹಿತ್ತಲಿಗೆ ಪಕ್ಕದವನು ಬೇಲಿ ಹಾಕಿದ್ದ. ಪತ್ರ ಬರೆದ ಕಾಲಕ್ಕೆ ಆ ಪದದೊಳಗೆ ಹಿತ್ತಲೂ ಇತ್ತೆಂದು ವಕೀಲರು ತೋರಿಸಬೇಕಿತ್ತು. ಅಂಟಕ್ಕ ಕೆಟಲ್‌ನ ಹಬೆ ಹಿಡಿದು ಚೀಟಿ ಎಬ್ಬಿಸಿದರೆ ಕೆಳಗಿನ ಅಕ್ಷರವೂ ಕಿತ್ತುಬಂತು. ಬೇರೆ ಊರಿನಿಂದ ಅದೇ ಸಂಪುಟದ ಪ್ರತಿ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

“ಅವಳ ಹಿತ್ತಲು ಹೋಗಿದ್ದು ನನ್ ಕೈಯಿಂದ,” ಎನ್ನುವಾಗ ಈಗಲೂ ಕಣ್ಣು ತುಂಬುತ್ತದೆ. “ಹೊಸ ಅರ್ಥ ಬರ್ಲಿ, ಬೇಡ ಅನ್ನಲ್ಲ. ಬಾಗಿಲು ಹಾಕ್ಬಹುದು, ಗೋಡೆ ಕಟ್ಬಾರ್ದು.” ಅಷ್ಟು ಹೊತ್ತಿಗೆ ಅಂಟಿಸಿಯಾಗಿದ್ದ ಚೀಟಿಗಳನ್ನೆಲ್ಲ ಒದ್ದೆ ಬಟ್ಟೆಯಿಟ್ಟು, ಅಕ್ಷರ ಕೆಡದಂತೆ ಬಿಡಿಸಿ, ಒಂದೇ ಅಂಚಿಗೆ ಮತ್ತೆ ಅಂಟಿಸಿದರು. ಆರು ವರ್ಷ ಹಿಡಿಯಿತು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಈಗ ಆ ಸಂಪುಟಗಳಿಗೇ ಕುತ್ತು. ಮೂರು ವರ್ಷ ಓದುಗರ ಸಹಿ ಬೀಳದ ಪುಸ್ತಕ ವರ್ಷದ ಕೊನೆಗೆ ರದ್ದಿಗೆ ಎಂದು ನಿಯಮ ಬಂದಿದೆ. ನಿಯಮ ಬಂದಾಗ ಸಹಿ ಪುಸ್ತಕದಲ್ಲಿ ನೋಡಿದರೆ ಕೋಶದ ಮುಂದೆ ಒಂದೂ ಸಹಿಯಿರಲಿಲ್ಲ. ಕಾರಣ ಅಂಟಕ್ಕನೇ. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದಾರೆ. “ಪಾಪ, ಅವಸರದಲ್ಲಿ ಬರ್ತಾರೆ ಅಂತ ನಾನೇ ತೆಗೆದು ಓದಿ ಹೇಳ್ತಿದ್ದೆ. ಸಹಿಗೆ ಯಾರನ್ನ ನಿಲ್ಲಿಸ್ಲಿ?” ತಾವೇ ಸಹಿ ಹಾಕೋಣವೆಂದರೆ ಸಿಬ್ಬಂದಿಯ ಸಹಿ ಲೆಕ್ಕಕ್ಕಿಲ್ಲ. ಗ್ರಂಥಪಾಲಕರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, “ನೋಡೋಣ” ಎನ್ನುತ್ತಾರೆ.

ಆರು ತಿಂಗಳಿಂದ ಅಂಟಕ್ಕ ಅರ್ಥ ಹೇಳುವುದನ್ನೇ ಬಿಟ್ಟಿದ್ದಾರೆ. ಕೇಳಿದವರ ಮುಂದೆ ಸಂಪುಟ ಇಟ್ಟು ಪೆನ್ನು ಕೊಡುತ್ತಾರೆ. “ನೀವೇ ಹೇಳ್ಬಿಡಿ ಅಕ್ಕ, ಒಳಗೆ ನನ್ನ ಕೇಸು ಕೂಗ್ತಿದಾರೆ,” ಎಂದು ವಕೀಲೆಯೊಬ್ಬರು ಗೋಗರೆದರೆ, “ಸಹಿ ಹಾಕಿ, ಆಮೇಲೆ ಓಡಿ” ಎಂಬ ಉತ್ತರ. ಹೀಗೆ ಏಳು ಸಂಪುಟ ಸಹಿ ಬಿದ್ದು ರದ್ದಿಯಿಂದ ಪಾರಾಗಿವೆ. ಇನ್ನು ನಾಲ್ಕನ್ನು ಕೇಳಿ ಬಂದವರಿಲ್ಲ.

ಮುಂದಿನ ತಿಂಗಳು ಅಂಟಕ್ಕನಿಗೆ ನಿವೃತ್ತಿ. ವರ್ಷ ಮುಗಿಯಲು ಆಮೇಲೂ ಎರಡು ತಿಂಗಳಿರುತ್ತದೆ. ಮನೆಯಲ್ಲಿ ಕೂತು ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ಕೈಗೆ ಮೆತ್ತಿದ ಅಂಟು ಒರೆಸಿಕೊಂಡು, ಮೊದಲ ಬಾರಿಗೆ ನಗುತ್ತಾರೆ.

“ಮನೇಲಿ ಯಾಕೆ ಕೂರ್ಲಿ? ಮಾರನೇ ದಿನಾನೇ ಹತ್ತು ಗಂಟೆಗೆ ಬಂದು ಓದುಗರ ಕುರ್ಚಿಲಿ ಕೂತ್ಕೋತೀನಿ. ಆ ನಾಲ್ಕು ಸಂಪುಟ ತನ್ನಿ ಅಂತೀನಿ. ಅವತ್ತಿಂದ ನಾನು ಸಿಬ್ಬಂದಿ ಅಲ್ವಲ್ಲ, ನನ್ ಸಹಿನೂ ಲೆಕ್ಕಕ್ಕೆ ಬರತ್ತೆ.”