ಶಂಖ ಮಾರುವ ಅನಸೂಯ

ದೀಪ ಹಚ್ಚುವ ಹೊತ್ತಿಗೆ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಶಂಖ ಕೂಗುತ್ತದೆ. ಮೊದಲು ಮೂಲೆಯ ಮನೆ, ಆಮೇಲೆ ಎದುರು ಮಹಡಿ, ಹೀಗೆ ಒಂದರಿಂದ ಇನ್ನೊಂದು ಹೊತ್ತಿಕೊಂಡಂತೆ. ಮದುವೆಯಾಗಿ ನಂಜನಗೂಡಿನಿಂದ ಬಂಗಾಳಕ್ಕೆ ಬಂದ ಮೊದಲ ಸಂಜೆ ಅನಸೂಯ ಅದನ್ನು ಕೇಳಿ, ಯಾರು ತೀರಿಕೊಂಡರು ಎಂದು ಗಂಡನನ್ನು ವಿಚಾರಿಸಿದ್ದಳು. ಅವಳ ಊರಿನಲ್ಲಿ ಶಂಖ, ಜಾಗಟೆ ಹೆಣದ ಮುಂದೆ ಹೋಗುತ್ತಿದ್ದವು. ರೈಲ್ವೆ ಕಚೇರಿಯ ಸುಬ್ರಹ್ಮಣ್ಯ ನಕ್ಕು, ಇಲ್ಲಿ ಮುತ್ತೈದೆಯರೇ ಊದುತ್ತಾರೆ, ನೀನೂ ಕಲಿ ಎಂದಿದ್ದರು.

ಕಲಿಯಲಿಲ್ಲ. ತಲೆಗೂದಲು ಬೆಳ್ಳಗಾಗುವವರೆಗೂ ಶಂಖವನ್ನು ಮುಟ್ಟಲಿಲ್ಲ. ಆ ಸದ್ದು ಎದ್ದಾಗಲೆಲ್ಲ, ಮನೆಯವರು ಯಾರ್‍ಯಾರು ಎಲ್ಲಿದ್ದಾರೆಂದು ಮನಸ್ಸಿನಲ್ಲೇ ಒಮ್ಮೆ ನೋಡಿಕೊಂಡು ಬರುತ್ತಿದ್ದಳು.

ಈ ಸಲದ ದುರ್ಗಾಪೂಜೆ ಕಳೆದ ಮೇಲೆ ಕೊರಿಯರಿನವನು ಒಂದು ಪೆಟ್ಟಿಗೆ ತಂದುಕೊಟ್ಟ. ವಾಪಸ್ ಬಂದ ಸಾಮಾನು ಎಂದ. ಮೇಲೆ ಅವಳದೇ ಹೆಸರು, ಮನೆ ನಂಬರು. ಒಳಗೆ ಒಂದು ಶಂಖ, ಕೊಳದಿಂದ ಆಗಷ್ಟೇ ಎತ್ತಿದ ಹಾಗೆ ತಣ್ಣಗೆ. ಎಷ್ಟು ಊದಿದರೂ ಸದ್ದು ಬರುತ್ತಿಲ್ಲ ಎಂದು ಕೊಂಡವರು ಬರೆದಿದ್ದರು. ಯಾರದೋ ವಸ್ತು ತಪ್ಪಿ ಬಂದಿದೆಯೆಂದು ಅನಸೂಯ ಅದನ್ನು ಮರುದಿನ ಕೊಂಡವರಿಗೇ ತಿರುಗಿ ಕಳಿಸಿದಳು. ಆದರೆ ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದೆ ಕಳಿಸಿದವಳಲ್ಲ ಅವಳು. ಪಕ್ಕದ ತನುಶ್ರೀ ಪಾಯಸ ಕೊಟ್ಟ ಬಟ್ಟಲಿಗೂ ಸಕ್ಕರೆ ಹಾಕಿಯೇ ಕೊಡುತ್ತಿದ್ದಳು. ಶಂಖದ ಬಾಯಿಗೆ ಒಂದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು ಇಟ್ಟೇ ಕಳಿಸಿದಳು.

ಆಮೇಲೆ ಪೆಟ್ಟಿಗೆಗಳು ಬರತೊಡಗಿದವು. ಹಾಳಾಗಿದ್ದು ಯಾವುದೂ ಇಲ್ಲ, ಎಲ್ಲವೂ ಮೂಕ. ಪ್ರತಿಯೊಂದಕ್ಕೂ ಅಕ್ಕಿ, ಅರಿಶಿನ ಹಾಕಿ ಕಳಿಸಿದಳು. ಅನುಮಾನ ಬಂದು, ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಪ್ರೇರಣಾಗೆ ಹೇಳಿದಳು. ಬೆಂಗಳೂರಿನ ಈ ಹುಡುಗಿ ಕಂಪನಿಗಳಿಗೆ ಕರಾರುಪತ್ರ ಬರೆಯುವ ಕೆಲಸದಲ್ಲಿದ್ದಳು. ಆನ್‌ಲೈನ್ ಮಾರಾಟದ ಒಂದು ವೇದಿಕೆಯಲ್ಲಿ ಅವಳು ಅಂಗಡಿಯನ್ನು ಹುಡುಕಿ ತೋರಿಸಿದಳು. 'ಅನಸೂಯ ಶಂಖ ಭಂಡಾರ' ಎಂದಿತ್ತು. ಅಂಗಡಿಯವಳ ಫೋಟೋದಲ್ಲಿ ಅನಸೂಯಳ ಮುಖ. ಹಿಂದೆ ಅವರದೇ ಬಾಲ್ಕನಿ, ಅವರದೇ ತುಳಸಿ ಕುಂಡ. ಕೆಳಗೆ ಯಾರೋ ಬರೆದಿದ್ದರು: ಈಗ ಚೆನ್ನಾಗಿ ಕೂಗುತ್ತಿದೆ, ಅನಸೂಯ ದೀದಿ, ಅಕ್ಕಿಗೆ ಕೃತಜ್ಞತೆ.

ಅನಸೂಯ ಬಹಳ ಹೊತ್ತು ನೋಡಿ, ಆ ಸೀರೆ ತನ್ನದಲ್ಲ ಎಂದಳು.

ಸುಬ್ರಹ್ಮಣ್ಯರ ನಿವೃತ್ತಿ ಹತ್ತಿರವಾಗಿತ್ತು. ಹೆಂಡತಿ ವ್ಯಾಪಾರ ಮಾಡಿದರೆ ಕಚೇರಿಗೆ ತಿಳಿಸಬೇಕು. ಮಾಡದ ವ್ಯಾಪಾರವನ್ನು ತಿಳಿಸುವುದು ಹೇಗೆ? ಅವರು ಗದರಲಿಲ್ಲ. ನಿನ್ನ ಹೆಸರು ವಾಪಸ್ ತಗೋ ಎಂದಷ್ಟೇ ಹೇಳಿದರು. ಅನಸೂಯಳಿಗೂ ಬೇಕಿದ್ದದ್ದು ಅದೊಂದೇ.

ಪ್ರೇರಣಾ ವೇದಿಕೆಯವರಿಗೆ ಬರೆದಳು. ಅವರು ಒಪ್ಪಂದದ ಮೊದಲ ಪುಟವನ್ನೇ ಉತ್ತರವಾಗಿ ಕಳಿಸಿದರು. ವರ್ತಕರೆಂದರೆ ನೋಂದಾಯಿಸಿಕೊಂಡವರು, ಅಥವಾ ನೋಂದಾಯಿತ ವಿಳಾಸದಿಂದ ಸರಕು ಕಳಿಸುವವರು, ಹಿಂದಿರುಗಿದ್ದನ್ನು ಪಡೆಯುವವರು, ಗ್ರಾಹಕರಿಗೆ ಉತ್ತರ ಕೊಡುವವರು.

"ಇಂಥದ್ದು ನಾನೂ ಬರ್ದಿದೀನಿ ಆಂಟಿ," ಎಂದಳು ಪ್ರೇರಣಾ. "ಮಾರಿದವರು ತಪ್ಪಿಸ್ಕೊಂಡು ಹೋಗ್ಬಾರ್ದು ಅಂತ ಅರ್ಥನ ಆದಷ್ಟು ಅಗಲ ಮಾಡ್ತೀವಿ. ಒಳಗೆ ಯಾರು ಬಂದು ನಿಲ್ತಾರೆ ಅಂತ ಯಾರೂ ನೋಡಲ್ಲ."

"ನಾನು ಅಕ್ಕಿ ಇಟ್ಟೆ, ಅಷ್ಟೇ ಕಣೇ."

"ಇಟ್ಟು ಕಳಿಸಿದ್ರಲ್ಲ."

ಪರಿಶೀಲನೆ ಮುಗಿಯುವವರೆಗೆ ಆ ಮನೆಯಿಂದ ಯಾರೂ ಏನನ್ನೂ ಕಳಿಸದೆ, ಪಡೆಯದೆ, ಯಾರಿಗೂ ಉತ್ತರಿಸದೆ ಇದ್ದರೆ ಹೆಸರು ಅಳಿಸುತ್ತೇವೆ ಎಂದು ವೇದಿಕೆಯವರು ಒಪ್ಪಿದರು. ಅನಸೂಯ ಬಾಗಿಲು ಹಾಕಿಕೊಂಡು ಕುಳಿತಳು. ಕೊರಿಯರಿನವನು ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ಇಟ್ಟು, ಕಾದು, ಮತ್ತೆ ಹೊತ್ತುಕೊಂಡು ಹೋಗುತ್ತಿದ್ದ. ಬಾಗಿಲಿಗೆ ಕಿವಿ ಕೊಟ್ಟರೆ ಆಚೆ ಯಾರೋ ಮಲಗಿ ಉಸಿರಾಡುವಂತೆ ಕೇಳುತ್ತಿತ್ತು. ಶಂಖದಲ್ಲಿ ಗಾಳಿ ಓಡಾಡುವುದು ಎಂದು ಅವಳು ತನಗೇ ಹೇಳಿಕೊಂಡಳು.

ಪರಿಶೀಲನೆಯ ಕೊನೆಯ ಸಂಜೆ ಪ್ರೇರಣಾ ಬೇಗ ಬಂದು ಜೊತೆಗೆ ಕುಳಿತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಒಂದು ಮುದಿ ದನಿ ಬಂಗಾಳಿಯಲ್ಲಿ, ತಾನು ಬರಾನಗರದ ಸಾವಿತ್ರಿ, ಶಂಖ ತಂದಿದ್ದೇನೆ ಎಂದಿತು. ಸೊಸೆ ಹೋದ ಮೇಲೆ ಮನೆಯಲ್ಲಿ ಸಂಜೆಯೇ ಆಗುತ್ತಿಲ್ಲವಂತೆ. ತನಗೆ ಊದಲು ಬರುತ್ತಿಲ್ಲವಂತೆ.

"ನೀವೇ ತಾನೇ ಫೋನಿನಲ್ಲಿ ಹೇಳಿದ್ದು, ನೀನೇ ತಗೊಂಡು ಬಾ ಅಂತ? ಊಟ ಆಯಿತಾ ಅಂತಲೂ ಕೇಳಿದಿರಿ. ಸೊಸೆ ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರು ಇಲ್ಲ."

ಅನಸೂಯ ಯಾರಿಗೂ ಫೋನ್ ಮಾಡಿರಲಿಲ್ಲ. ಆದರೆ ಊಟ ಆಯಿತಾ ಎಂದು ಅವಳು ಬೀದಿಯ ಮೀನಿನವನನ್ನೂ ಕೇಳುತ್ತಿದ್ದಳು. ಏಳಹೊರಟವಳ ಕೈಯನ್ನು ಪ್ರೇರಣಾ ಹಿಡಿದಳು.

"ಬೇಡ ಆಂಟಿ. ಮಾತಾಡಿದ್ರೆ ಅದು ನೀವೇ ಅಂತ ಆಗ್ಬಿಡತ್ತೆ."

ಅನಸೂಯ ಮತ್ತೆ ಕುಳಿತು, ತುಟಿ ಬಿಗಿಹಿಡಿದಳು. ಹೊರಗೆ ಮುದುಕಿ ಕಾಯುತ್ತಿದ್ದಳು, ಅವಳ ಬಳೆಗಳು ಬಾಗಿಲಿಗೆ ತಾಗುತ್ತಿದ್ದವು.

ಆಗ ಮೆಟ್ಟಿಲ ಕೆಳಗಿನಿಂದ ಉತ್ತರ ಬಂತು. ಬಂಗಾಳಿಯ ಮಾತು, ನಂಜನಗೂಡಿನ ರಾಗ. "ಬಂದಿರಾ ಮಾಶಿಮಾ? ಇಲ್ಲಿ ಬನ್ನಿ, ಇಲ್ಲಿದ್ದೇನೆ."

ಪ್ರೇರಣಾ ತಿರುಗಿ ಅನಸೂಯಳ ತುಟಿ ನೋಡಿದಳು. ಅವು ಮುಚ್ಚಿಯೇ ಇದ್ದವು. ಹೊರಗೆ ಮುದುಕಿ ನಿರಾಳವಾಗಿ ಏನೋ ಅಂದು, ಕೈಯಿಂದ ಗೋಡೆ ಹಿಡಿದುಕೊಂಡು ಇಳಿಯತೊಡಗಿದ ಸದ್ದಾಯಿತು. ಕೆಳಗಿನ ದನಿ ಅವಳನ್ನು ಹುಷಾರು, ಹುಷಾರು ಎಂದು ಕರೆದುಕೊಳ್ಳುತ್ತಿತ್ತು.

"ಬಿಡು ಕೈನ," ಎಂದಳು ಅನಸೂಯ. "ನಾನು ಸುಮ್ನಿದ್ರೆ ಅದು ಕರ್ಕೊಂಡು ಹೋಗತ್ತೆ. ಪಾಪ, ಆ ಹೆಂಗಸು ನನ್ನನ್ನ ನಂಬ್ಕೊಂಡು—" ಎನ್ನುತ್ತ ಚಿಲಕ ಸರಿಸಿದವಳು, ಬರಿಗಾಲಲ್ಲೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಕತ್ತಲು ಕೂಡುತ್ತಿದ್ದ ಮೆಟ್ಟಿಲುಗಳನ್ನು ಇಳಿದು, "ಇಲ್ಲಿದ್ದೇನೆ ಮಾಶಿಮಾ" ಎಂದು ತಾನೇ ಉತ್ತರ ಕೊಟ್ಟಳು.