ಶಾಹಬಾಜ್ ಮಾಡಿದ ಗಿಡದ ಲೈಟು

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನನ್ನ ಹೊಟ್ಟೆ ಉರಿಸಿದವನು ಶಾಹಬಾಜ್ ಒಬ್ಬನೇ. ಅವನ ವಿಷಯ ಬರೆಯಲು ಕೂತಿದ್ದೇನೆ. ಬರೀ ಒಳ್ಳೆಯದನ್ನೇ ಬರೆಯುತ್ತೇನೆಂದು ಮಾತು ಕೊಡಲಾರೆ.

ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ಅವನು ಅಪ್ಪನ ಲೇತಿಗೆ ಕೂತ, ನಾನು ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿದೆ. ಈಗ ನನಗೆ ನಲವತ್ತೊಂಬತ್ತು, ಸ್ವಂತ ಅಂಗಡಿ ಇದೆ. ಅವನಿಗೂ ಅಷ್ಟೇ ವಯಸ್ಸು, ಆದರೆ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಕೋಪ ಮಾಡಿಕೊಳ್ಳದವರಿಗೆ ಕೂದಲು ಬೇಗ ನೆರೆಯುವುದಿಲ್ಲವಂತೆ. ನನ್ನ ಹೆಂಡತಿ ಲತಾಮಣಿ ಹೇಳುವ ಮಾತು ಇದು, ಅದೂ ನನ್ನ ತಲೆಯನ್ನೇ ನೋಡುತ್ತ.

ಅವನ ಲೇತಿನ ಮೋಟಾರ್ ಸುಟ್ಟಾಗಲೆಲ್ಲ ಸರಿ ಮಾಡಿಕೊಟ್ಟವನು ನಾನು. ಬೆಸುಗೆ ಹಾಕುವುದನ್ನು ಕಲಿಸಿದವನೂ ನಾನೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತ.

"ನಮ್ ಮನೆ ಒಳಕ್ಕೆ ಬಿಸ್ಲೇ ಬರಾಕಿಲ್ಲ ಕಣ್ಲಾ ನಟರಾಜ. ಹಮೀದಾಗೆ ಪುದೀನ ಬೆಳೀಬೇಕಂತೆ. ಎಲ್ಇಡಿ ಲೈಟಲ್ಲೇ ಗಿಡ ಬೆಳೀತದಂತೆ, ಅಸ್ರಾ ಫೋನಲ್ಲಿ ತೋರಿಸ್ದಳು. ಒಸಿ ಬೆಸುಗೆ ಹಾಕೋದು ಹೇಳ್ಕೊಡು." ಹಮೀದಾ ಅವನ ಹೆಂಡತಿ, ಅಸ್ರಾ ಮಗಳು.

"ಲೈಟಲ್ಲಿ ಪುದೀನ ಬೆಳೆಯೋದಾಗಿದ್ರೆ ನನ್ ಅಂಗಡೀಲಿ ಇಷ್ಟೊತ್ಗೆ ಕಾಡೇ ಇರ್ಬೇಕಿತ್ತು."

"ಐತಲ್ಲ, ಮೂಲೇಲಿ ಜೇಡರಬಲೆ," ಎಂದು ನಕ್ಕ. ಅವತ್ತು ಮೂರು ಸಲ ಬೆರಳು ಸುಟ್ಟುಕೊಂಡ, ಒಂದು ಸಲವೂ ಬೈಯಲಿಲ್ಲ. ನಾನಾಗಿದ್ದರೆ ಕಾಯಿಸುವ ಕಡ್ಡಿಯನ್ನು ರಸ್ತೆಗೆ ಎಸೆದಿರುತ್ತಿದ್ದೆ.

ಅವನು ಮಾಡಿದ ಲೈಟು ನೋಡಲು ಏನೂ ಅಲ್ಲ. ಗೊಂಬೆಗೆ ಬಳಸುವ ಆಲೆಮರದಲ್ಲಿ ಕಡೆದ, ಬಣ್ಣ ಬಳಿಯದ ಒಂದು ದೊಡ್ಡ ಬಳೆ. ಅದರೊಳಗೆ ಅನ್ನದ ಪಾತ್ರೆಯ ಹಳೇ ಅಲ್ಯೂಮಿನಿಯಂ ಮುಚ್ಚಳ. ಮುಚ್ಚಳಕ್ಕೆ ಅಂಟಿಸಿದ ಹನ್ನೆರಡು ಎಲ್ಇಡಿ ಚಿಪ್ಪು, ಎಂಟು ಬಿಳಿ, ನಾಲ್ಕು ಕೆಂಪು. ಅದನ್ನು ಕುಂಡದಿಂದ ಒಂದೂವರೆ ಗೇಣು ಮೇಲೆ ನೇತು ಹಾಕಿದ. ಇಪ್ಪತ್ತು ದಿನಕ್ಕೆ ಹಮೀದಾ ಪುದೀನ ಕಿತ್ತು ನಮ್ಮ ಮನೆಗೂ ಒಂದು ಹಿಡಿ ಕಳಿಸಿದಳು. ಲತಾಮಣಿ ಚಟ್ನಿ ಅರೆದಳು. ನಾನು ಉಪ್ಪು ಜಾಸ್ತಿ ಎಂದು ತಟ್ಟೆ ತಳ್ಳಿದೆ. ಉಪ್ಪು ಸರಿಯಾಗಿಯೇ ಇತ್ತು.

ಆಮೇಲೆ ಶುರುವಾಯಿತು ನೋಡಿ. ಮಾಗಡಿಯಿಂದ ಒಬ್ಬ ಮೇಷ್ಟ್ರು ಬಂದರು, ಕನಕಪುರದ ನರ್ಸರಿಯವನು ಬಂದ, ರಾಮನಗರದಿಂದ ಯಾರೋ ಡಾಕ್ಟರ ಹೆಂಡತಿ ಕಾರಿನಲ್ಲಿ ಬಂದರು. ಬಂದವರೆಲ್ಲ ರಸ್ತೆ ಮೂಲೆಯಲ್ಲಿರುವ ನನ್ನ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುತ್ತಿದ್ದರು. ಮೇಲೆ ಬೋರ್ಡಿನಲ್ಲಿ 'ನಟರಾಜು ಎಲೆಕ್ಟ್ರಿಕಲ್ಸ್' ಎಂದು ಇಷ್ಟಗಲ ಬರೆಸಿದ್ದೇನೆ. ಅದರ ಕೆಳಗೇ ನಿಂತು, "ಗಿಡದ ಲೈಟಿನ ಶಾಹಬಾಜ್ ಮನೆ ಯಾವ್ದು?" ಎಂದು ಕೇಳುತ್ತಿದ್ದರು. ಒಬ್ಬನನ್ನು ರೈಲ್ವೆ ಸ್ಟೇಷನ್ ಕಡೆಗೆ ಕಳಿಸಿದೆ. ಅವನು ಸುತ್ತಾಡಿ ಹೇಗೋ ಮನೆ ಹುಡುಕಿಕೊಂಡು, ಹೋಗುವಾಗ ನನಗೆ ಕೈ ಬೇರೆ ಬೀಸಿದ.

ಇದೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಪಕ್ಕದ ಮನೆಯವರು ಮೂರಂತಸ್ತು ಎಬ್ಬಿಸಿದರು. ನಮ್ಮ ಹಿತ್ತಿಲಿಗೆ ಬೀಳುತ್ತಿದ್ದ ಬಿಸಿಲು ನಿಂತುಹೋಯಿತು. ಅಲ್ಲಿ ಕುಂಡದಲ್ಲಿ ಒಂದು ವೀಳ್ಯದೆಲೆ ಬಳ್ಳಿ ಇತ್ತು. ಲತಾಮಣಿಯ ತಾಯಿ, ಮರಳವಾಡಿಯ ನನ್ನ ಅತ್ತೆ ಸಿದ್ದಮ್ಮ ಬಾವಿಕಟ್ಟೆಯ ಹತ್ತಿರ ಬೆಳೆಸಿದ್ದ ಬಳ್ಳಿಯ ತುಂಡು ಅದು. ಅತ್ತೆ ತೀರಿಕೊಂಡರು, ಬಾವಿ ಮುಚ್ಚಿತು, ಅಲ್ಲಿಯ ಬಳ್ಳಿಯೂ ಹೋಯಿತು. ಉಳಿದದ್ದು ನಮ್ಮ ಕುಂಡದ್ದು ಮಾತ್ರ. ಅದೂ ಒಂದೊಂದೇ ಎಲೆ ಹಳದಿಯಾಗಿ ಉದುರತೊಡಗಿತು. ಲತಾಮಣಿ ಉದುರಿದ ಎಲೆಗಳನ್ನು ಎಸೆಯದೆ ಕಿಟಕಿಯಲ್ಲಿ ಇಡುತ್ತಿದ್ದಳು.

"ಶಾಹಬಾಜಣ್ಣನ ತಾವ ಒಂದು ಲೈಟು ತಂದ್ಕೊಡ್ತೀರಾ?" ಎಂದು ಕೇಳಿದಳು.

"ಯಾಕೆ, ನಾನ್ ಸತ್ತೋಗಿದ್ದೀನಾ? ಮನೇಲಿ ಕರೆಂಟ್ ಕೆಲ್ಸದೋನ್ನ ಮಡಿಕ್ಕಂಡು ಗೊಂಬೆಯೋನ್ ಹತ್ರ ಹೋಗ್ತಾರೇನೆ?"

"ಹಂಗಾರೆ ನೀವೇ ಮಾಡಿ. ಉಳ್ದಿರೋದು ಮೂರೇ ಎಲೆ."

ಮಾಡಿದೆ. ಅವನದು ಹನ್ನೆರಡು ಚಿಪ್ಪಾದರೆ ನನ್ನದು ಇಪ್ಪತ್ತನಾಲ್ಕು. ಚಿಪ್ಪು ಕಾಯುತ್ತದೆ, ಹಿಂದೆ ಲೋಹದ ತಟ್ಟೆ ಬೇಕು ಎಂಬುದು ನನಗೆ ಗೊತ್ತಿರದ ವಿಷಯವೇ? ಗೊತ್ತಿತ್ತು. ಆದರೆ ತಟ್ಟೆ ಹಾಕಿದರೆ ಜನ ಅವನ ಲೈಟಿನ ನಕಲು ಎಂದಾರು. ಅದಕ್ಕೇ ಹಾಕಲಿಲ್ಲ. ಅವನದು ಬೋಳು ಮರ, ನನ್ನದು ಮಿಂಚಬೇಕು. ಪಕ್ಕದ ಬೀದಿಯಲ್ಲಿ ಗೊಂಬೆ ಕಡೆಯುವ ಉಜೈರನಿಗೆ ಒಂದು ದೊಡ್ಡ ಬಟ್ಟಲು ಕಡೆಯಲು ಹೇಳಿದೆ. ಒಳಗೂ ಹೊರಗೂ ಕೆಂಪು ಅರಗು ಹಾಕಿ, ತಾಳೆಗರಿಯಲ್ಲಿ ಚೆನ್ನಾಗಿ ಉಜ್ಜಿ ಹೊಳಪು ಕೊಡು ಎಂದೆ.

"ಯಾತಕ್ಕಣ್ಣ ಇಷ್ಟು ದೊಡ್ಡದು?" ಎಂದ.

ಲೈಟಿಗೆ ಎಂದರೆ ಸಂಜೆಯೊಳಗೆ ಶಾಹಬಾಜ್‌ಗೆ ಸುದ್ದಿ ಮುಟ್ಟುತ್ತದೆ. "ಹಣ್ಣು ಇಡಾಕೆ," ಎಂದೆ.

ಬಟ್ಟಲನ್ನು ಬೋರಲು ಹಾಕಿ, ಒಳಗಿನ ಅರಗಿನ ಮೇಲೆಯೇ ಚಿಪ್ಪುಗಳನ್ನು ಅಂಟಿಸಿ, ಬಳ್ಳಿಯ ಮೇಲೆ ನೇತು ಹಾಕಿದೆ. ಕಾಲು ಗಂಟೆ ಹತ್ತಿಸಿ ತೋರಿಸಿದೆ. ಹಿತ್ತಿಲೆಲ್ಲ ಕೆಂಪು. ಲತಾಮಣಿ ಬಹಳ ದಿನದ ಮೇಲೆ ನನ್ನ ಕಡೆ ನೋಡಿ ನಕ್ಕಳು. ಮಾರನೆಯ ದಿನ ಬೆಳಿಗ್ಗೆ ಲೈಟು ಹತ್ತಿಸಿಟ್ಟು ಕೋಡಿಹಳ್ಳಿಗೆ ಗೃಹಪ್ರವೇಶಕ್ಕೆ ಹೋದೆವು.

ಸಂಜೆ ಬಾಗಿಲು ತೆಗೆದಾಗ ಅರಗಿನ ವಾಸನೆ. ಚಿಪ್ಪುಗಳು ಜಾರಿ ವೈರಿನಲ್ಲಿ ಜೋತಾಡುತ್ತಿದ್ದವು. ಬಟ್ಟಲಿನ ಕೆಂಪು ಅರಗು ಕರಗಿ ಬಳ್ಳಿಯ ಕುಡಿಯ ಮೇಲೆ ತೊಟ್ಟಿಕ್ಕಿ ಗಟ್ಟಿಯಾಗಿತ್ತು. ಮೂರರಲ್ಲಿ ಎರಡು ಎಲೆ ಅದರಡಿಯಲ್ಲಿ ಅಂಟಿಕೊಂಡು ಸುಟ್ಟಿದ್ದವು. ನಾನು ಉಜೈರನನ್ನು ಬೈದೆ, ಚಿಪ್ಪು ಮಾರಿದವನನ್ನು ಬೈದೆ, ಪಕ್ಕದ ಮೂರಂತಸ್ತನ್ನೂ ಬೈದೆ. ಲತಾಮಣಿ ರೇಷ್ಮೆ ಸೀರೆಯಲ್ಲೇ ಕುಂಡವನ್ನು ಸೊಂಟಕ್ಕೆತ್ತಿಕೊಂಡು ಶಾಹಬಾಜ್ ಮನೆಗೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ.

ಅವನು ಕುಂಡ ಮೂಸಿ ನೋಡಿದ. "ಒಳ್ಗೂ ಅರಗು ಹಾಕ್ಸಿದ್ದೇನ್ಲಾ? ಅದು ಬಿಸೀಲೇ ಹತ್ತೋದು, ಬಿಸೀಲೇ ಬಿಡೋದು. ಲೇತ್ ಮುಂದೆ ಕೂರೋ ಯಾರ್ನ ಕೇಳಿದ್ರೂ ಹೇಳೋರು."

"ನಿನ್ನೇನ್ ಕೇಳೋದು?"

"ಉಜೈರ್‌ನ ಕೇಳ್ಬೋದಿತ್ತಲ್ಲ."

ಅವನು ಸಣ್ಣ ಉಳಿ ತಂದು, ಒರೆಸಿ, ಅರಗು ಬಿದ್ದ ಕುಡಿಯನ್ನು ಗಿಣ್ಣಿನ ಮೇಲೆ ಕತ್ತರಿಸಿದ. ಗೊಂಬೆಯ ಮೂಗು ತಿದ್ದುವವನ ಹಾಗೆ ಉಸಿರು ಹಿಡಿದು ಕತ್ತರಿಸಿದ. "ಈ ಗಿಣ್ಣು ಹಸ್ರಾಗೇ ಐತೆ ತಂಗ್ಯಮ್ಮ. ಇಲ್ಲೇ ಇರ್ಲಿ. ಬಂದ್ರೆ ಇಲ್ಲಿಂದ್ಲೇ ಬತ್ತದೆ."

ಆಮೇಲೆ ಏನಾದರೂ ನೆಪ ಮಾಡಿಕೊಂಡು ದಿನಾ ಅವನ ಮನೆಗೆ ಹೋದೆ. ಟೆಸ್ಟರ್ ಮರೆತೆ, ಮೋಟಾರ್ ಸದ್ದು ಕೇಳಿಸಿತು, ಹೀಗೆ. ಬಳ್ಳಿ ಚಿಗುರಲಿ ಎಂದು ಹೋಗುತ್ತಿದ್ದೆನೋ, ಅವನ ಕೈಯಲ್ಲಿ ಚಿಗುರದಿರಲಿ ಎಂದು ಹೋಗುತ್ತಿದ್ದೆನೋ, ಈಗಲೂ ಹೇಳಲಾರೆ. ಹಮೀದಾ ಪ್ರತಿ ಸಲವೂ ಟೀ ಕೊಟ್ಟಳು. ಇಪ್ಪತ್ತಾರನೇ ದಿನ ಗಿಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಅದನ್ನು ಮೊದಲು ಕಂಡವನು ನಾನು. ಆದರೂ ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಶಾಹಬಾಜನೇ ಲತಾಮಣಿಗೆ ಫೋನ್ ಮಾಡಿ ಹೇಳಿದ.

ಈಗ ಬಳ್ಳಿ ನಮ್ಮ ಮನೆಗೆ ಬಂದಿದೆ, ಅವನ ಲೈಟಿನ ಸಮೇತ. ಮೊನ್ನೆ ಲತಾಮಣಿ ಮೊದಲ ಎರಡು ಎಲೆ ಕಿತ್ತಳು. "ಒಂದು ನಿಮ್ಗೆ, ಇದು ಶಾಹಬಾಜಣ್ಣಂಗೆ. ಕೊಟ್ಬುಟ್ಟು ಬನ್ನಿ," ಎಂದಳು.

ಅವನ ಬೀದಿಯ ತಿರುವಿನಲ್ಲಿ ನಿಂತು ಎರಡೂ ಎಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಅವನದು ಒಂದು ಬೆರಳಗಲ ದೊಡ್ಡದಿತ್ತು. ಅಲ್ಲೇ ಪೆಟ್ಟಿಗೆ ಅಂಗಡಿಯಲ್ಲಿ ಸುಣ್ಣ, ಅಡಿಕೆ ಇಸಿದುಕೊಂಡು ಆ ದೊಡ್ಡ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡೆ. ಚಿಕ್ಕದನ್ನು ಅವನ ಕೈಗಿಟ್ಟೆ.

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಭಾಗ ಮಾಡಿ, ಒಂದನ್ನು ಒಳಗಿದ್ದ ಹಮೀದಾಗೆ ಕೊಟ್ಟು ಬಂದ. "ನಿಮ್ಮತ್ತೆ ಬಳ್ಳಿ ಖಾರ ಅಂತಿದ್ದೆಯಲ್ಲ," ಎನ್ನುತ್ತ ಉಳಿದ ಅರ್ಧವನ್ನು ನನ್ನ ಕಡೆ ನೀಡಿದ. "ನಿಂಗೆ ಸಿಕ್ತೇನ್ಲಾ? ಇಲ್ಲಾಂದ್ರೆ ಇದ ತಗೋ."

ಬಾಯಿ ತುಂಬ ಎಲೆ ಇತ್ತು, ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಬೇಡ ಎಂದು ತಲೆ ಅಲ್ಲಾಡಿಸಿದೆ.