ಹೇಳದೇ ಎದ್ದು ಬಂದ ಮಧ್ಯಾಹ್ನ

ಮಕ್ಕಳೇ, ಇದನ್ನು ಎದುರಿಗೆ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತನ ದನಿ ನನ್ನ ಫೋನಿನಲ್ಲಿದೆ. ಫೋನಿನಲ್ಲಿ ಓದುವುದು, ಬರೆಯುವುದು ನನಗೆ ನಿಧಾನ. ಹಾಗಾಗಿ ಮಧುಗಿರಿಗೆ ಹೋದಾಗಲೆಲ್ಲ ಅವರು ಮಾತನ್ನೇ ತುಂಬಿ ಕಳಿಸುತ್ತಿದ್ದರು. ಉಳಿದಿರುವುದು ನಾಲ್ಕು. ಒಂದರಲ್ಲಿ ಹಿಂದಿನಿಂದ ಕಂಡಕ್ಟರ್ "ಕೊರಟಗೆರೆ, ಕೊರಟಗೆರೆ" ಎಂದು ಕೂಗುವುದೂ ಕೇಳುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದನ್ನು ಕೇಳುತ್ತೇನೆ. ನಾಲ್ಕನ್ನೂ ಒಂದೇ ದಿನ ಕೇಳುವುದಿಲ್ಲ.

ಒಂದು ಮಧ್ಯಾಹ್ನ ಹಾಗೆ ಕುಳಿತಿದ್ದಾಗ ಪಾವಗಡದ ನನ್ನ ಗೆಳತಿಯ ಹೆಸರಿನಲ್ಲಿ ಮೆಸೇಜ್ ಬಂತು. ಒಂದನೇ ಕ್ಲಾಸಿನಿಂದ ಏಳರವರೆಗೂ ನನ್ನ ಪಕ್ಕ ಕುಳಿತವಳು ಅವಳು. 'ನಮ್ಮ ಸ್ಕೂಲಿನ ಹಳೇ ಫೋಟೋ ಸಿಕ್ಕಿದೆ. ಒತ್ತಿ ನೋಡು' ಎಂದಿತ್ತು. ಮೇಲೆ ಅವಳದೇ ಮುಖ. ಏಳನೇ ಕ್ಲಾಸಿನ ಕೊನೆಗೆ ಮೇಷ್ಟ್ರು ನಮ್ಮನ್ನೆಲ್ಲ ಹುಣಸೆಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದ್ದರು. ಅವತ್ತು ಅವಳ ಒಂದೇ ರಿಬ್ಬನ್ನನ್ನು ಎರಡು ತುಂಡು ಮಾಡಿ ಇಬ್ಬರೂ ಕಟ್ಟಿಕೊಂಡಿದ್ದೆವು. ಆ ಫೋಟೋವನ್ನು ನಾನು ನೋಡಿಯೇ ಇಲ್ಲ. ರಿಬ್ಬನ್ ಕಾಣುತ್ತದೆಯೋ ಏನೋ ಎಂದು ಒತ್ತಿದೆ.

ಫೋಟೋ ಬರಲಿಲ್ಲ. ಕೆಂಪು ಪುಟವೊಂದು ತೆರೆದುಕೊಂಡು ಕುಯ್ಯೋ ಎನ್ನತೊಡಗಿತು. 'ನಿಮ್ಮ ಫೋನಿಗೆ ವೈರಸ್ ಬಂದಿದೆ. ಈ ಪುಟ ಬಿಟ್ಟು ಹೋದರೆ ಫೋಟೋ, ಧ್ವನಿ ಎಲ್ಲವೂ ಅಳಿಸಿಹೋಗುತ್ತವೆ.' ಕೆಳಗೆ 'ಸರಿಪಡಿಸಿ', 'ಬೇಡ' ಎಂದು ಎರಡು ಗುಂಡಿಗಳು. ಧ್ವನಿ ಎಂದರೆ ನಿಮ್ಮ ತಾತನ ಆ ನಾಲ್ಕೂ ಸೇರಿದವು. ಬಿಟ್ಟು ಹೋಗಬೇಡ ಅಂದಿದ್ದರಿಂದ ನಾನು ಹೋಗಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ.

ನನ್ನ ಸ್ವಭಾವವೇ ಹಾಗೆ. ಮದುವೆಯಾದ ಹೊಸತರಲ್ಲಿ ಸಿರಾದ ನಂಟರ ಮನೆಗೆ ಹೋಗಿದ್ದೆವು. ಮನೆಯವರು ಕುಂಕುಮ ಕೊಟ್ಟ ಮೇಲೆಯೇ ಏಳಬೇಕು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. "ಇರು, ಬಂದೆ" ಎಂದು ಒಳಗೆ ಹೋದ ಆ ಮನೆಯಾಕೆ ಹಾಲು ಕಾಯಿಸುತ್ತಾ ಕುಂಕುಮವನ್ನು ಮರೆತೇಬಿಟ್ಟರು. ನಿಮ್ಮ ತಾತ ಜಗಲಿಯಿಂದ ಮೂರು ಸಲ ಕೆಮ್ಮಿದರು. ನಾನು ಏಳಲಿಲ್ಲ. ಬಸ್ಸು ಹೋಯಿತು. ಅವರು ಬಯ್ಯಲಿಲ್ಲ. "ನಿನ್ನ ಬುಟ್ಟು ಹೋಗಿದ್ರೆ ಬರೋ ಹಬ್ಬಕ್ಕೂ ಅಲ್ಲೇ ಕೂತಿರ್ತಿದ್ದೆ ಕಣೇ" ಎಂದು ಮುಂದಿನ ಬಸ್ಸು ಬರುವವರೆಗೂ ನಕ್ಕರು.

ಹಾಗೆ ಕುಳಿತಿರುವಾಗಲೇ ಫೋನ್ ಹೊಡೆದುಕೊಂಡಿತು. ಗೆಳತಿ, ಈ ಸಲ ನಿಜವಾದವಳು.

"ಲೇ, ನನ್ ಹೆಸರಲ್ಲಿ ಏನಾರ ಬಂದೈತೇನೇ? ಒತ್ಬ್ಯಾಡ! ಯಾವನೋ ನನ್ ಫೋಟೋ ಹಾಕ್ಕೊಂಡು ಎಲ್ರಿಗೂ ಕಳಿಸ್ತಾವ್ನೆ."

"ಒತ್ಬುಟ್ಟೆ ಕಣೇ."

"ನಂಬರ್ರು, ಪಾಸ್‌ವರ್ಡು ಏನಾರ ಬರ್ದು ಕೊಟ್ಯಾ?"

"ಇಲ್ಲ. ಹೋಗ್ಬ್ಯಾಡ ಅಂತ ಬರ್ದೈತೆ. ಅದ್ಕೆ ಕೂತಿವ್ನಿ."

ಪಾವಗಡಕ್ಕೆ ಸೊಸೆಯಾಗಿ ಹೋದ ಮೇಲೆ ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಓಸಿ ಪಿಚ್ಚಿದಾನಾ! ಹುಚ್ಚಿ! ಸಿರಾದಾಗೆ ಕುಂಕುಮಕ್ಕೆ ಕಾದು ಬಸ್ ಬಿಟ್ಟೋಳಲ್ವಾ ನೀನು! ಈ ಕಳ್ಳನೂ ಕುಂಕುಮ ತರ್ತಾನೆ ಅಂತ ಕಾಯ್ತಿದೀಯಾ?"

ನನಗೆ ಯಾರೂ ಕುಂಕುಮ ಕೊಡದೆ ಮೂರು ವರ್ಷವಾಗಿದೆ.

"ತಪ್ಪಾಯ್ತು ಕಣೇ" ಎಂದಳು ಮೆಲ್ಲಗೆ.

"ಈಗ ನಾನು ಯಾರ ಮನೇಲೂ ಕಾಯಂಗಿಲ್ಲ ಬುಡು" ಎಂದೆ. ಮೊದಲು ನಕ್ಕವಳು ನಾನೇ.

"ಮತ್ತೆ ಇಲ್ಲೂ ಹೇಳ್ದೇನೇ ಎದ್ದು ಬಾ. 'ಬೇಡ' ಅನ್ನೋದ್ನೂ ಮುಟ್ಬ್ಯಾಡ, ಅದೂ ಅವನ್ದೇ. ಫೋನಿನ ಕೆಳಗಡೆ ಚೌಕ ಐತಲ್ಲ, ಅದನ್ನ ಒತ್ತು. ಪುಟ ಚಿಕ್ಕದಾಯ್ತದೆ. ಮೇಲಕ್ಕೆ ತಳ್ಬುಡು."

"ಅವ್ರ ದನಿ ಹೋಗ್ಬುಟ್ರೆ?"

"ಹೋಗಾಕಿಲ್ಲ. ಅದು ಬರೀ ಹೆದರ್ಸೋ ಪುಟ ಕಣೇ. ತಳ್ಳು."

ತಳ್ಳಿದೆ. ಕೆಂಪು ಹೋಯಿತು, ಸದ್ದು ನಿಂತಿತು. ಆ ಕಳ್ಳ ಖಾತೆಯ ಮೇಲೆ ದೂರು ಒತ್ತುವುದು ಹೇಗೆಂದು ಅವಳು ಇನ್ನೂ ಹೇಳುತ್ತಿದ್ದಳು. ಅದನ್ನೂ ಆಮೇಲೆ ಮಾಡಿದೆ. ಆದರೆ ಕರೆ ಮುಗಿದ ಕೂಡಲೇ ಮೊದಲು ನೋಡಿದ್ದು ಆ ನಾಲ್ಕನ್ನು. ಅವತ್ತು ನಾಲ್ಕನ್ನೂ ಕೇಳಿದೆ. ಕೊನೆಯದರಲ್ಲಿ, "ಬಸ್ ಹತ್ತಿವ್ನಿ ಕಣೇ. ಕಡ್ಲೆಪುರಿ ತಗಂಡಿವ್ನಿ. ಬಾಗ್ಲಾಗೆ ನಿಂತ್ಕಬ್ಯಾಡ, ಬತ್ತೀನಿ."

ಈಗ ಏನೇ ಬಂದರೂ ನಾನೂ ಅವಳೂ ಮೊದಲು ಫೋನ್ ಮಾಡಿ ದನಿ ಕೇಳಿಯೇ ಒತ್ತುವುದು. ಶಾಲೆಯ ಫೋಟೋ ಅವಳಲ್ಲೂ ಇಲ್ಲವಂತೆ.

ನೀವು ಬಂದಾಗ ಆ ನಾಲ್ಕನ್ನೂ ಇನ್ನೊಂದು ಕಡೆಗೆ ನಕಲು ಮಾಡಿಡಿ. ನಾನು ಬಾಯಿಬಿಟ್ಟು ಕೇಳುವುದಿಲ್ಲ, ಫೋನನ್ನು ನಿಮ್ಮ ತಟ್ಟೆಯ ಪಕ್ಕ ಇಡುತ್ತೇನೆ. ಅವರು ನನ್ನನ್ನು ಕರೆಯುವ ರೀತಿ ಕೇಳಿ ನಗಬೇಡಿ.